ನಮ್ಮ ಅಂದಾಜು ತಪ್ಪಿಸಿದ ಊರು

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಸಂಖ್ಯಾಶಾಸ್ತ್ರದಲ್ಲಿ ಪದವಿ ಮುಗಿಸಿ ಚಿಕ್ಕೋಡಿಯ ನಮ್ಮ ಮನೆಯಲ್ಲಿ ಕುಳಿತಿದ್ದೆ. ಅದನ್ನು ಓದಿದ ಹುಡುಗಿ ಮುಂದೆ ಏನಾಗುತ್ತಾಳೆ ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಬಂದವರೆಲ್ಲ ಕೇಳುತ್ತಿದ್ದರು, ಅವ್ವ ಪ್ರತಿಸಲ "ಲೆಕ್ಕಾ ಓದ್ಯಾಳ್ರಿ" ಎಂದು ಹೇಳಿ ಚಹಾ ಕೊಡಲು ಒಳಗೆ ಹೋಗಿಬಿಡುತ್ತಿದ್ದಳು.

ನಿಪ್ಪಾಣಿಯಲ್ಲಿದ್ದ ನಮ್ಮ ಚಿಕ್ಕಮ್ಮ ತನ್ನ ಮಗುವನ್ನು ತೋರಿಸುತ್ತಿದ್ದ ಮಕ್ಕಳ ಡಾಕ್ಟರಬಾಯಿಯೊಬ್ಬರಿಗೆ ಲೆಕ್ಕ ಬರುವ, ಬಸ್ಸು ಹತ್ತಿ ಇಳಿಯಲು ಬೇಸರಿಸದ ಒಬ್ಬರು ಬೇಕಾಗಿದ್ದರು. ಚಿಕ್ಕಮ್ಮ ನನ್ನ ಹೆಸರು ಹೇಳಿದಳು. ನಾನು ಹೋದೆ. ಡಾಕ್ಟರಬಾಯಿಗೆ ಐವತ್ತು ದಾಟಿತ್ತು. ಕನ್ನಡ ಮಾತಾಡುತ್ತ ಮಾತಾಡುತ್ತ ನಡುವೆ ಮರಾಠಿಗೆ ಹೊರಳಿ ಮತ್ತೆ ಕನ್ನಡಕ್ಕೆ ಬರುತ್ತಿದ್ದರು, ನಿಪ್ಪಾಣಿಯ ಎಲ್ಲರ ಹಾಗೆ.

"ಜಿಲ್ಲಾದ ಲೆಕ್ಕದಾಗ ನಮ್ಮ ಮಕ್ಕಳೆಲ್ಲಾ ಬಡಕಲ ಅದಾವು," ಎಂದರು. "ಖರೇನೂ ಅದಾವು. ಆದ್ರ ಹೋದ ನಾಕೈದ ವರ್ಷದಾಗ ನನ್ನ ದವಾಖಾನಿಗೆ ಬ್ಯಾರೆ ಥರದ ಮಕ್ಕಳೂ ಬರಾಕತ್ತಾವ. ಮೈ ದಪ್ಪ, ಎರಡ ಮೆಟ್ಲ ಹತ್ತೂದ್ರಾಗ ತೇಕತಾವ. ಅವು ಯಾವ ಊರಿಂದ ಬರತಾವ, ಯಾವ ಓಣ್ಯಾಗ ಎಷ್ಟ ಅದಾವ, ಯಾರಿಗೂ ಗೊತ್ತಿಲ್ಲ."

ಒಬ್ಬ ಅಧಿಕಾರಿಯ ಬಳಿ ಇದನ್ನು ಹೇಳಿದಾಗ ಅವರು ನಕ್ಕುಬಿಟ್ಟಿದ್ದರಂತೆ. ತಿನ್ನಲು ಇಲ್ಲದವರ ಲೆಕ್ಕ ಮೊದಲು ಮುಗಿಯಲಿ, ತಿಂದು ದಪ್ಪ ಆದವರದ್ದು ಆಮೇಲೆ ನೋಡೋಣ ಎಂದಿದ್ದರಂತೆ. ಡಾಕ್ಟರಬಾಯಿಗೆ ಸಿಟ್ಟು ಬಂದಿರಲಿಲ್ಲ. "ಅವ್ರ ಮಾತೂ ತಪ್ಪಲ್ಲ. ಆದ್ರ ಎರಡೂ ಒಂದ ಊರಾಗ ಅದಾವು. ಒಂದ ತಕ್ಕಡಿಲೆ ಎರಡೂ ನೋಡಬಹುದಲ್ಲ?" ಎಂದರು.

ಹಾಗೆ ನನ್ನ ಕೆಲಸ ಶುರುವಾಯಿತು. ಮೇಲೆ ಹತ್ತಿ ನಿಲ್ಲುವ, ಮುಳ್ಳು ತಿರುಗುವ ಒಂದು ತಕ್ಕಡಿ. ಎತ್ತರ ಅಳೆಯಲು ಬಡಿಗನಿಂದ ಮಾಡಿಸಿದ, ಟೇಪನ್ನು ಮೊಳೆಯಿಂದ ಹೊಡೆದ ಒಂದು ಉದ್ದನೆಯ ಹಲಗೆ. ದಪ್ಪ ರಟ್ಟಿನ ಒಂದು ವಹಿ. ಮಗುವಿನ ಎತ್ತರಕ್ಕೆ ಎಷ್ಟು ತೂಕ ಸರಿ, ಎಷ್ಟಾದರೆ ಹೆಚ್ಚು ಎಂಬ ಪಟ್ಟಿಯನ್ನು ಡಾಕ್ಟರಬಾಯಿ ತಮ್ಮ ಕೈಯಿಂದಲೇ ಬರೆದುಕೊಟ್ಟಿದ್ದರು. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಸುತ್ತಿನ ಕೆಲವು ಶಾಲೆಗಳನ್ನು ಆರಿಸಿದ್ದೆವು. ಬಸ್ಸಿನ ಕಂಡಕ್ಟರರು ಹಲಗೆಯನ್ನು ನೋಡಿ ಮೊದಮೊದಲು ಬೈದರು. ಆಮೇಲೆ ಅವರೇ ಅದನ್ನು ಡ್ರೈವರನ ಹಿಂದೆ ಓರೆಯಾಗಿ ಇಟ್ಟುಕೊಡತೊಡಗಿದರು.

ಮೊದಲ ವಾರವೇ ನಿಪ್ಪಾಣಿ ನನ್ನ ಕಣ್ಣು ತೆರೆಸಿತು. ಒಂದು ಓಣಿಯಲ್ಲಿ ಹೊಸ್ತಿಲ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟುವ ಹೆಂಗಸರು; ಅವರ ಮಕ್ಕಳ ತೋಳು ನನ್ನ ಎರಡು ಬೆರಳಿನ ಹಿಡಿತಕ್ಕೆ ಸಿಗುತ್ತಿದ್ದವು. ಮೂಲೆ ತಿರುಗಿದರೆ ತಂಬಾಕಿನ ವ್ಯಾಪಾರಿಗಳ ಮನೆಗಳು. ಅಲ್ಲಿಯ ಮಕ್ಕಳು ತಕ್ಕಡಿ ಹತ್ತಿದರೆ ಮುಳ್ಳು ಸರ್ರನೆ ಓಡುತ್ತಿತ್ತು. ಎರಡೂ ಓಣಿಯ ಮಕ್ಕಳನ್ನು ಕೂಡಿಸಿ ಸರಾಸರಿ ತೆಗೆದರೆ ನಿಪ್ಪಾಣಿಯ ಮಕ್ಕಳೆಲ್ಲ ಸರಿಯಾಗಿದ್ದಾರೆ ಎಂದು ಬರುತ್ತಿತ್ತು! ಕಾಲೇಜಿನಲ್ಲಿ ಸರಾಸರಿಯ ಮೇಲೆ ಎಷ್ಟೋ ಲೆಕ್ಕ ಬಿಡಿಸಿದ್ದೆ. ಅದು ಇಷ್ಟು ಚೆನ್ನಾಗಿ ಸುಳ್ಳು ಹೇಳಬಲ್ಲದು ಎಂದು ಆಗಲೇ ತಿಳಿದದ್ದು.

ಆದರೆ ಆ ದಿನಗಳಲ್ಲಿ ನನಗೆ ಮಕ್ಕಳು ಕಾಣುತ್ತಿರಲಿಲ್ಲ, ಅಂಕಿ ಕಾಣುತ್ತಿದ್ದವು. ಅದರ ಫಲ ಸದಲಗಾದಲ್ಲಿ ಉಂಡೆ.

ಸದಲಗಾ ಎಂದರೆ ಹೈನು. ಮನೆಮನೆಗೆ ಎಮ್ಮೆ, ಮುಂಜಾನೆ ಹಾಲಿನ ಕ್ಯಾನುಗಳು ಕೊಲ್ಲಾಪುರದ ಕಡೆ ಹೊರಡುತ್ತಿದ್ದವು. ಅಲ್ಲಿಯ ಒಂದು ಶಾಲೆಯಲ್ಲಿ ಐದನೆಯ ತರಗತಿಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ್ದರು. ನಾನು ಮುಳ್ಳು ನೋಡಿ ತೂಕವನ್ನು ಗಟ್ಟಿಯಾಗಿ ಓದುವುದು, ಹೆಡ್‌ಮಾಸ್ತರರು ಬರೆದುಕೊಳ್ಳುವುದು. ಬೇಗ ಮುಗಿಯುತ್ತದೆ ಎಂದು ನಾನೇ ಮಾಡಿದ ವ್ಯವಸ್ಥೆ ಅದು. ಸಾಲಿನ ಕೊನೆಯಲ್ಲಿ ಒಬ್ಬ ಹುಡುಗಿ ಇದ್ದಳು. ದುಂಡು ಮುಖ, ಎರಡು ಜಡೆ, ಭುಜದ ಹತ್ತಿರ ಬಿಗಿಯಾಗಿದ್ದ ಸಮವಸ್ತ್ರ. ಅವಳು ತಕ್ಕಡಿ ಹತ್ತಿದಾಗ ನಾನು ಅಂಕಿಯನ್ನು ಎಂದಿನಂತೆ ಕೂಗಿ ಹೇಳಿದೆ.

ಹಿಂದಿನಿಂದ ಯಾರೋ "ಎಮ್ಮಿ ಬಂತ ನೋಡ್ರಲೇ!" ಎಂದರು. ಇಡೀ ತರಗತಿ ನಕ್ಕಿತು. ಹೆಡ್‌ಮಾಸ್ತರರು ಗದರಿಸಿದರು, ಆದರೆ ಅವರ ತುಟಿಯ ಮೇಲೂ ನಗು ಇತ್ತು. ಹುಡುಗಿ ಇಳಿದು ಚಪ್ಪಲಿಯನ್ನೂ ಹಾಕಿಕೊಳ್ಳದೆ ಬಾಗಿಲು ದಾಟಿ ಹೋದಳು. ನಾನು ಅವಳ ಎತ್ತರ ಅಳೆಯಲಿಲ್ಲವಲ್ಲ ಎಂದು ಅಂದುಕೊಂಡೆ. ನಿಜಕ್ಕೂ ಆಗ ನನ್ನ ತಲೆಗೆ ಬಂದದ್ದು ಅಷ್ಟೇ.

ಮುಂದಿನ ವಾರ ಉಳಿದ ತರಗತಿಗಳಿಗಾಗಿ ಹೋದಾಗ ಅವಳ ಎತ್ತರ ತೆಗೆದುಕೊಳ್ಳೋಣವೆಂದು ಕೇಳಿದೆ. ಅವಳು ಆ ದಿನದಿಂದ ಶಾಲೆಗೇ ಬಂದಿಲ್ಲ ಎಂದರು.

ಆ ಮಾತು ಕೇಳಿದ ಮೇಲೆ ಅಲ್ಲಿ ಕೆಲಸ ಸಾಗಲಿಲ್ಲ. ಮನೆ ಎಲ್ಲಿ ಎಂದು ವಿಚಾರಿಸಿಕೊಂಡು ಹೋದೆ. ದೊಡ್ಡ ಅಂಗಳ, ಕಟ್ಟಿದ ಎಮ್ಮೆಗಳು, ಕಟ್ಟೆಯ ಮೇಲೆ ಅಜ್ಜಿ. ನಾನು ಯಾರೆಂದು ಹೇಳುತ್ತಿದ್ದಂತೆ ಅಜ್ಜಿ ಎದ್ದು ನಿಂತಳು.

"ನಮ್ಮ ಕೂಸಿನ ತೂಕಾ ಮಾಡಾಕ ನೀ ಯಾರ ಬೇ? ಕೂಸಂದ್ರ ಬೆಲ್ಲದ ಪೆಂಟಿ ಅಂತ ತಿಳದಿ ಏನ? ತೂಗಿ ಎಲ್ಲಾರ ಮುಂದ ಒದರಿದ್ರ ದೃಷ್ಟಿ ಆಗೂದಿಲ್ಲ?"

"ತಪ್ಪಾತ್ರೀ ಆಯಿ," ಎಂದೆ.

ಅಜ್ಜಿ ಇನ್ನಷ್ಟು ಬೈದಳು. ಆದರೂ ಹಾಲು ಕಾಸಿ ತರಲು ಸೊಸೆಗೆ ಹೇಳಿದಳು. ಹಾಲು ತಂದ ಹುಡುಗಿಯ ತಾಯಿ ನನ್ನ ಪಕ್ಕದಲ್ಲಿ ಕುಳಿತು ತಗ್ಗಿದ ದನಿಯಲ್ಲಿ ಹೇಳಿದಳು: "ಮೊದಲ ಚಲೋ ಆಡತಿದ್ಲರಿ. ಎರಡ ವರ್ಷ ಆತ, ಅವರಪ್ಪ ಹಾಲಿನ ಕ್ಯಾನಿನ ಗಾಡಿ ಮ್ಯಾಲ ಸಾಲಿಗೆ ಬಿಡತಾರ, ಕರಕೊಂಡ ಬರತಾರ. ಓಡಾಕ ಹೋದ್ರ ನಗತಾರಂತ ಓಡೂದ ಬಿಟ್ಲು. ಓಡೂದ ಬಿಟ್ಟ ಮ್ಯಾಲ ಇನ್ನಷ್ಟ ದಪ್ಪ ಆಗಾಕತ್ಲು. ನಾ ಏನ ಮಾಡ್ಲಿ? ಕೂಸಿನ ಮುಂದಿನ ತಾಟ ಕಸಗೊಳ್ಲೇನು?"

ಹುಡುಗಿ ಒಳಗಿನ ಬಾಗಿಲಿನ ಹಿಂದೆ ಇದ್ದಳು. ಕಾಲು ಮಾತ್ರ ಕಾಣುತ್ತಿದ್ದವು. ನಾನು ಅತ್ತ ತಿರುಗಿ "ನನ್ನ ಮ್ಯಾಲ ಸಿಟ್ಟ ಬಂದೈತೇನು?" ಎಂದು ಕೇಳಿದೆ. ಅವಳು ಬಾಗಿಲ ಹಿಂದಿನಿಂದಲೇ ಕೇಳಿದಳು: "ಎಲ್ಲಾರ ಮುಂದ ಯಾಕ ಓದಿದ್ರಿ?"

ಬೇಗ ಮುಗಿಯಲಿ ಅಂತ ಎಂದು ಹೇಳಲು ನಾಚಿಕೆಯಾಯಿತು. ಇನ್ನು ಮುಂದೆ ಯಾರದ್ದನ್ನೂ ಓದುವುದಿಲ್ಲ ಎಂದು ಹೇಳಿ ಎದ್ದು ಬಂದೆ.

ನಿಪ್ಪಾಣಿಗೆ ಬಂದು ಡಾಕ್ಟರಬಾಯಿಗೆ ಎಲ್ಲವನ್ನೂ ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ. ತಪಾಸಣೆಯ ಕೋಣೆಗೆ ಹೋಗಿ ಹಸಿರು ಪರದೆಯನ್ನು ಬಿಚ್ಚಿ ಮಡಿಚಿ ನನ್ನ ಕೈಗೆ ಕೊಟ್ಟರು. "ಇದರ ಹಿಂದ ಒಬ್ಬೊಬ್ರನ್ನ ಕರಿ. ಮುಳ್ಳಿಗೆ ಬೆನ್ನ ಮಾಡಿ ನಿಲ್ಲಸು. ಬರಿ, ಬಾಯಿ ತಗೀಬ್ಯಾಡ," ಎಂದರು. ಅಂದಿನಿಂದ ನಮ್ಮ ಸಾಮಾನಿನಲ್ಲಿ ಒಂದು ಪರದೆ, ಒಂದು ಹಗ್ಗ ಸೇರಿದವು. ಕೆಲಸ ನಿಧಾನವಾಯಿತು. ಆದರೆ ಪರದೆಯ ಹಿಂದೆ ಮಕ್ಕಳು ಮಾತಾಡತೊಡಗಿದರು. ಬೆಳಿಗ್ಗೆ ಏನು ತಿಂದೆ, ಯಾರ ಜೊತೆ ಆಡಿದೆ, ಯಾಕೆ ಆಡಲಿಲ್ಲ. ಭೋಜ ಎಂಬ ಊರಿನ ಒಬ್ಬ ಹುಡುಗ ಶಾಲೆ ಬಿಟ್ಟ ಮೇಲೆ ಟೀವಿ ಇರುವ ಮನೆಯ ಕಿಟಕಿಯಲ್ಲಿ ನಿಂತು ಕರೆಂಟು ಹೋಗುವ ತನಕ ನೋಡುತ್ತೇನೆ ಎಂದ. ಈ ಮಾತುಗಳನ್ನು ವಹಿಯ ಅಂಚಿನಲ್ಲಿ ಬರೆದುಕೊಂಡೆ. ಕೇಳಿಸಿಕೊಳ್ಳುವುದೂ ಅಳೆಯುವುದರ ಒಂದು ಭಾಗ ಎಂದು ಯಾರೂ ನನಗೆ ಕಲಿಸಿರಲಿಲ್ಲ.

ಅಳತೆ ಮುಗಿದ ಮೇಲೆ ಇನ್ನೊಂದು ತೊಂದರೆ ಎದುರಾಯಿತು. ಡಾಕ್ಟರಬಾಯಿಗೆ ಊರೂರಿನ ಲೆಕ್ಕ ಬೇಕಾಗಿತ್ತು. ಆದರೆ ಕೆಲವು ಶಾಲೆಗಳಲ್ಲಿ ಒಂದು ವಯಸ್ಸಿನ ಮಕ್ಕಳು ಹತ್ತು ಹನ್ನೆರಡು ಮಾತ್ರ. ಅದರಲ್ಲಿ ಇಬ್ಬರು ದಪ್ಪಗಿದ್ದರೆ ಆ ಊರೇ ದಪ್ಪ, ಒಬ್ಬರೂ ಇಲ್ಲದಿದ್ದರೆ ಊರಿಗೆ ಚಿಂತೆಯೇ ಇಲ್ಲ ಎಂದು ಬರುತ್ತಿತ್ತು. ನನಗೇ ನಂಬಿಕೆ ಬರಲಿಲ್ಲ. ವಹಿ ಹಿಡಿದುಕೊಂಡು ರಾಯಬಾಗಕ್ಕೆ ಹೋದೆ. ಅಲ್ಲಿ ನನಗೆ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿದ ಸರ್ ನಿವೃತ್ತರಾಗಿ ಇದ್ದರು. ಕಬ್ಬಿನ ಹೊಲದ ದಂಡೆಯ ಮನೆಯಲ್ಲಿ ಬನಿಯನ್ ಹಾಕಿಕೊಂಡು ಕುಳಿತು ಪುಟ ತಿರುವಿದರು.

"ಹನ್ನೊಂದ ಮಕ್ಕಳಿರೂ ಊರಾಗ ಒಬ್ಬ ದಪ್ಪ ಹುಡುಗ ಜ್ವರ ಬಂದು ಸಾಲಿ ತಪ್ಪಿಸಿದ್ರ ನಿನ್ನ ಲೆಕ್ಕಾ ಪೂರಾ ಉಲ್ಟಾ ಆಗತೈತಿ," ಎಂದರು. "ಇಂಥಾ ಊರಿನ ಮಾತ ಒಂದ ಕಿವೀಲೆ ಕೇಳು. ಇನ್ನೊಂದ ಕಿವೀಲೆ ಅದರಂಥಾ ಊರುಗಳ ಮಾತ ಕೇಳು. ಎರಡೂ ಕೂಡಿಸಿ ಅಂದಾಜ ಮಾಡು."

"ಬಾಜೂ ಊರಿಂದು ತಗೋಬೇಕೇನ್ರಿ ಸರ್?"

"ಬಾಜೂ ಇದ್ರ ಸಾಲದು. ಅದರಂಗ ಬದುಕೂ ಊರ ಇರಬೇಕು. ನೀರ ಎಲ್ಲಿದು? ಹೈನ ಎಷ್ಟ? ಮಕ್ಕಳು ನಡಕೊಂಡ ಬರತಾವೋ ಗಾಡಿ ಮ್ಯಾಲ ಬರತಾವೋ? ಅದನ್ನ ಬರಕೊಂಡಿ ಏನ?"

ಬರೆದುಕೊಂಡಿದ್ದೆ, ವಹಿಯ ಅಂಚಿನಲ್ಲಿ. ಸರ್ ಮೊದಲ ಸಲ ನನ್ನನ್ನು ಮೆಚ್ಚುಗೆಯಿಂದ ನೋಡಿದರು. ಅವರ ಮನೆಯ ಪಡಸಾಲೆಯಲ್ಲಿ ನಾಲ್ಕು ವಾರಗಳ ಮಧ್ಯಾಹ್ನಗಳನ್ನು ಕಳೆದೆವು. ಕಾಲುವೆ ನೀರಿನ ಕಬ್ಬಿನ ಊರುಗಳು ಒಂದು ಗುಂಪು, ದ್ರಾಕ್ಷಿ ತೋಟದವು ಒಂದು, ಕುರಿ ಮೇಯಿಸುವ, ಒಣ ಬೇಸಾಯದ ಊರುಗಳು ಇನ್ನೊಂದು. ಚಿಕ್ಕ ಊರಿನ ಸಂಖ್ಯೆಯನ್ನು ಅದರ ಗುಂಪಿನ ಸರಾಸರಿಯ ಕಡೆಗೆ ಸ್ವಲ್ಪ ಸರಿಸುವುದು. ಮಕ್ಕಳು ಕಡಿಮೆ ಇದ್ದಷ್ಟೂ ಹೆಚ್ಚು ಸರಿಸುವುದು. ಹೀಗೆ ನಾವು ಹೋಗದೇ ಇದ್ದ ಊರುಗಳಿಗೂ ಅವುಗಳ ಗುಂಪಿನಿಂದ ಅಂದಾಜು ಸಿಕ್ಕಿತು.

ಸರ್ ಅಷ್ಟಕ್ಕೆ ಬಿಡಲಿಲ್ಲ. "ಹೋಗದ ಇದ್ದ ಊರಿಗೆ ಹೋಗಿ ನೋಡು. ತಪ್ಪಿದ್ರ ಎಷ್ಟ ತಪ್ಪತೈತಿ ಗೊತ್ತಾಗ್ಲಿ," ಎಂದರು.

ಶೇಡಬಾಳದ ಆಚೆ, ಕಾಗವಾಡದ ಕಡೆಯ ಒಂದು ಚಿಕ್ಕ ಊರನ್ನು ಆರಿಸಿದೆವು. ನೀರಾವರಿ, ಕಬ್ಬು, ದ್ರಾಕ್ಷಿ, ಮನೆಗೆರಡು ಎಮ್ಮೆ. ನಮ್ಮ ಅಂದಾಜಿನ ಪ್ರಕಾರ ಅಲ್ಲಿಯ ಶಾಲೆಯಲ್ಲಿ ದಪ್ಪ ಮಕ್ಕಳು ಸಾಕಷ್ಟು ಸಿಗಬೇಕಿತ್ತು, ಅದರಲ್ಲೂ ಹುಡುಗಿಯರು. ರಾಯಬಾಗ ಸ್ಟೇಷನ್ನಿನಲ್ಲಿ ಪ್ಯಾಸೆಂಜರ್ ಹತ್ತಿ ಶೇಡಬಾಳದಲ್ಲಿಳಿದು, ಅಲ್ಲಿಂದ ಟಂಟಂ ಗಾಡಿಯಲ್ಲಿ ಹಲಗೆಯನ್ನು ಅಪ್ಪಿಕೊಂಡು ಹೋದೆ.

ಪರದೆ ಕಟ್ಟಿ ಒಬ್ಬೊಬ್ಬರನ್ನೇ ಕರೆದೆ. ಅರ್ಧ ಮಕ್ಕಳು ಮುಗಿಯುವಷ್ಟರಲ್ಲಿ ನನಗೆ ತಕ್ಕಡಿಯ ಮೇಲೆ ಅನುಮಾನ ಬಂತು. ಹುಡುಗರಲ್ಲಿ ಅಂದಾಜಿನಷ್ಟೇ ಸಿಗುತ್ತಿದ್ದರು. ಹುಡುಗಿಯರಲ್ಲಿ ಹೆಚ್ಚು ತೂಕದವರು ಬಹಳ ಕಡಿಮೆ. ಎದುರಿನ ಕಿರಾಣಿ ಅಂಗಡಿಯಿಂದ ಐದು ಕಿಲೋದ ಕಲ್ಲು ತಂದು ಇಟ್ಟು ನೋಡಿದೆ. ಮುಳ್ಳು ಸರಿಯಾಗಿ ಐದಕ್ಕೆ ನಿಂತಿತು.

ಅಲ್ಲಿಯ ಹೆಡ್‌ಬಾಯಿಯವರು ನನ್ನ ಪರದಾಟವನ್ನು ನೋಡುತ್ತಿದ್ದರು. ನಲವತ್ತರ ಆಸುಪಾಸಿನ ಸಣ್ಣ ಹೆಂಗಸು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. "ಯಾಕ್ರಿ ಬಾಯಾರ, ಏನ ಕಳಕೊಂಡ್ರಿ?" ಎಂದು ಕೇಳಿದರು.

"ದಪ್ಪ ಹುಡುಗ್ಯಾರು ಸಿಗವಲ್ರಿ," ಎಂದೆ. ಅವರು ಮನಸಾರೆ ನಕ್ಕರು.

ಶಾಲೆ ಬಿಡುವುದಕ್ಕೆ ಒಂದು ತಾಸು ಮೊದಲು ಗಂಟೆ ಹೊಡೆಯಿತು. ಹುಡುಗರು ವರಾಂಡದಲ್ಲಿ ಪಾಟಿ ಹಿಡಿದು ಮಗ್ಗಿ ಬರೆಯಲು ಕುಳಿತರು. ಹುಡುಗಿಯರೆಲ್ಲ ಬಯಲಿಗೆ ಇಳಿದರು. ಹೆಡ್‌ಬಾಯಿ ಕೈಯಲ್ಲಿ ಹಾಜರಿ ಪುಸ್ತಕ ಹಿಡಿದು ನಂಬರು ಕೂಗಿದರು. ಬೆಸ ನಂಬರಿನವರು ಒಂದು ಕಡೆ, ಸಮ ನಂಬರಿನವರು ಒಂದು ಕಡೆ. ಖೋಖೋ ಶುರುವಾಯಿತು. ಧೂಳೆದ್ದಿತು. ನಾನು ಅಳೆದಿದ್ದ ಒಂದಿಬ್ಬರು ದಪ್ಪ ಹುಡುಗಿಯರೂ ಅದರಲ್ಲಿದ್ದರು, ಏದುಸಿರು ಬಿಡುತ್ತ, ಖೋ ಎಂದು ಕಿರುಚುತ್ತ. ಯಾರೂ ನಗುತ್ತಿರಲಿಲ್ಲ, ನಗಲು ಯಾರಿಗೂ ಉಸಿರಿರಲಿಲ್ಲ.

"ಹುಡುಗರು ಕ್ರಿಕೆಟ್ ಹಚ್ಚಿ ಪೂರಾ ಬಯಲ ಹಿಡದಬಿಡತಾರ್ರಿ," ಎಂದರು ಹೆಡ್‌ಬಾಯಿ. "ಹುಡುಗ್ಯಾರು ಗ್ವಾಡಿಗೆ ಆತು ನಿಂತು ನೋಡೂದು. ಅದಕ್ಕ ದಿನಕ್ಕ ಒಂದ ತಾಸು ಬಯಲು ಬರೇ ಹುಡುಗ್ಯಾರದು ಅಂತ ಮಾಡಿದೆ. ಮತ್ತ ಆರಿಸೂದ ಇಲ್ಲ. ನಾಯಕಿ ಆರಿಸಾಕ ನಿಂತ್ರ ದಪ್ಪ ಇದ್ದಾಕಿ, ಕುಂಟಾಕಿ, ಬಡವರಾಕಿ ಕಡೀಕ ಉಳೀತಾಳ. ನಾನೂ ಸಣ್ಣಾಕಿದ್ದಾಗ ಹಂಗ ಉಳೀತಿದ್ದೆ. ಹಾಜರಿ ನಂಬರಂದ್ರ ಯಾರಿಗೂ ಬ್ಯಾಸರಿಲ್ಲ."

ಆಗ ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ? ಅಂದಾಜು ತಪ್ಪಿದ್ದಕ್ಕೆ ಯಾರಾದರೂ ಹಿಗ್ಗುತ್ತಾರೆಯೇ? ರಾಯಬಾಗಕ್ಕೆ ಬಂದು ಸರ್‌ಗೆ ಹೇಳಿದಾಗ ಅವರೂ ಎದ್ದು ಪಡಸಾಲೆಯಲ್ಲಿ ಎರಡು ಸುತ್ತು ತಿರುಗಿದರು. ಆಮೇಲೆ ಎಚ್ಚರಿಸಿದರು: "ಇದ ಕಾರಣ ಅಂತ ಎಲ್ಲೂ ಬರೀಬ್ಯಾಡ. ಒಂದ ಸಾಲಿ ನೋಡಿ ಹಂಗ ಹೇಳಾಕ ಬರೂದಿಲ್ಲ. ವಿಚಾರ ಮಾಡೂಹಂಗ ಐತಿ ಅಂತ ಬರಿ."

ಹಾಗೆಯೇ ಬರೆದೆ. ಡಾಕ್ಟರಬಾಯಿ ಓದಿ ಇನ್ನೊಂದು ಸಾಲು ಸೇರಿಸಿದರು: ಮಾಡಿ ನೋಡಿದರೆ ನಷ್ಟವೇನೂ ಇಲ್ಲ.

ನಾವು ಮೊದಲು ಕೇಳಿದ್ದು ಸದಲಗಾದ ಹೆಡ್‌ಮಾಸ್ತರರನ್ನು. ಅವರು ಅಂದಿನ ನಗುವನ್ನು ಮರೆತಿರಲಿಲ್ಲವೆಂದು ಕಾಣುತ್ತದೆ, ಬಹಳ ಹೇಳಿಸಿಕೊಳ್ಳಲಿಲ್ಲ. ಮರು ಸೋಮವಾರದಿಂದಲೇ ಹುಡುಗಿಯರಿಗೆ ಬಯಲು ಬಿಟ್ಟುಕೊಟ್ಟರು, ಹಾಜರಿ ನಂಬರಿನ ಪ್ರಕಾರ. ತಾವೇ ಆ ಹುಡುಗಿಯ ಮನೆಗೆ ಹೋಗಿ ಅಜ್ಜಿಯಿಂದ ಬೈಸಿಕೊಂಡು, ಹಾಲು ಕುಡಿದು, ಅವಳನ್ನು ಕರೆತಂದರು. ಮೊದಲ ಕೆಲವು ದಿನ ಅವಳು ಹೊಟ್ಟೆನೋವು ಎಂದು ಹೇಳಿ ವರಾಂಡದಲ್ಲಿ ಕುಳಿತಳಂತೆ. ಒಂದು ದಿನ ಅವಳ ಕಡೆಯಲ್ಲಿ ಒಬ್ಬಳು ಕಡಿಮೆ ಬಿದ್ದಾಗ, "ಬಾರೇ, ನಿನ್ನ ನಂಬರ ಐತಿ" ಎಂದು ಗೆಳತಿಯರೇ ಎಳೆದುಕೊಂಡು ಹೋದರಂತೆ.

ಮರುವರ್ಷ ಎರಡನೆಯ ಸುತ್ತಿನ ಅಳತೆಗೆ ಹೋದಾಗ ಅವಳು ಪರದೆಯ ಹಿಂದೆ ತಾನಾಗಿ ಬಂದಳು. ಮುಳ್ಳಿಗೆ ಬೆನ್ನು ಮಾಡಿ ನಿಂತಳು. ಮೊಣಕಾಲಿನ ಮೇಲೆ ಹೊಸದಾಗಿ ತರಚಿದ ಗಾಯವಿತ್ತು. ನಾನು ಸುಮ್ಮನೆ ಬರೆದುಕೊಂಡೆ.

"ಎಷ್ಟ ಐತ್ರಿ? ಕಿವ್ಯಾಗ ಹೇಳ್ರಿ," ಎಂದಳು.

ಬಗ್ಗಿ ಕಿವಿಯಲ್ಲಿ ಹೇಳಿದೆ. ತೂಕ ಇಳಿದಿರಲಿಲ್ಲ, ಸ್ವಲ್ಪ ಏರಿತ್ತು. ಆದರೆ ಹಲಗೆಗೆ ಆತು ನಿಲ್ಲಿಸಿದಾಗ ಎತ್ತರ ಅದಕ್ಕಿಂತ ಚೆನ್ನಾಗಿ ಏರಿತ್ತು ಎನಿಸಿತು. ಹಿಂದಿನ ವರ್ಷದ ಎತ್ತರ ನನ್ನ ವಹಿಯಲ್ಲಿ ಇರಲಿಲ್ಲವಲ್ಲ, ಖಚಿತವಾಗಿ ಹೇಳಲಾರೆ. ಅದನ್ನೂ ಅವಳಿಗೆ ಹೇಳಿದೆ.

"ನನಗ ಗೊತ್ತೈತ್ರಿ, ಉದ್ದ ಆಗೇನಿ. ಲಂಗಾ ಗಿಡ್ಡ ಆಗೈತಿ," ಎಂದು ಹೇಳಿ ಹೊರಗೆ ಓಡಿದಳು. ಓಡಿದಳು ಎಂದು ಬರೆಯುವಾಗ ಇವತ್ತಿಗೂ ನನ್ನ ಪೆನ್ನು ಒಂದು ಗಳಿಗೆ ನಿಲ್ಲುತ್ತದೆ.

ನಮ್ಮ ಕೆಲಸದಿಂದ ದೊಡ್ಡದೇನೋ ಆಯಿತು ಎಂದು ನಾನು ಹೇಳುವುದಿಲ್ಲ. ಕೈಯಿಂದ ಬರೆದ ಒಂದು ನಕಾಶೆ ತಯಾರಾಯಿತು. ಬಡಕಲು ಮಕ್ಕಳ ಊರಿಗೆ ಒಂದು ಬಣ್ಣ, ದಪ್ಪ ಮಕ್ಕಳ ಊರಿಗೆ ಒಂದು, ಎರಡೂ ಇರುವ ಊರಿಗೆ ಎರಡರ ಗೆರೆಗಳು. ಹಿಂದೆ ನಕ್ಕಿದ್ದ ಅಧಿಕಾರಿ ಅದನ್ನು ಮೇಜಿನ ಮೇಲೆ ಹರಡಿ ಬಹಳ ಹೊತ್ತು ನೋಡಿದರು. ಎರಡು ಬಣ್ಣದ ಊರುಗಳ ಮೇಲೆ ಬೆರಳಿಟ್ಟು, "ಒಂದ ಊರಾಗ ಎರಡೂ ಹೆಂಗ್ರಿ?" ಎಂದರು. ಡಾಕ್ಟರಬಾಯಿ ಅವರನ್ನು ಕರೆದುಕೊಂಡು ಹೋಗಿ ನಿಪ್ಪಾಣಿಯ ಆ ಎರಡು ಓಣಿಗಳಲ್ಲಿ ನಡೆಸಿದರು. ಆಮೇಲೆ ಬೀಡಿ ಕಟ್ಟುವವರ ಓಣಿಗೆ ಅಂಗನವಾಡಿಯ ಊಟ ಮೊದಲಿಗಿಂತ ಸರಿಯಾಗಿ ತಲುಪತೊಡಗಿತು, ಹುಡುಗಿಯರಿಗೆ ಬಯಲು ಬಿಡುವ ಬಗ್ಗೆ ಕೆಲವು ಶಾಲೆಗಳಿಗೆ ಒಂದು ಪತ್ರ ಹೋಯಿತು. ಎಲ್ಲರೂ ಅದನ್ನು ಪಾಲಿಸಲಿಲ್ಲ. ಕೆಲವರು ಪಾಲಿಸಿದರು.

ನನಗೂ ಅಷ್ಟರಲ್ಲಿ ಚಿಕ್ಕೋಡಿಯಲ್ಲೇ ಕಲಿಸುವ ಕೆಲಸ ಸಿಕ್ಕಿತು. ಆದರೆ ರಜೆಯಲ್ಲಿ ಹಲಗೆ ಹೊತ್ತು ಹೋಗುವುದನ್ನು ಬಿಡಲಿಲ್ಲ. ಅಥಣಿಯ ಕಡೆಯ ದ್ರಾಕ್ಷಿ ತೋಟದ ಊರೊಂದರ ಮಾಸ್ತರರು ನಿಪ್ಪಾಣಿಯ ದವಾಖಾನೆ ಹುಡುಕಿಕೊಂಡು ಬಂದು, "ನಮ್ಮ ಊರ ನಿಮ್ಮ ನಕಾಶೆದಾಗ ಇಲ್ಲಂತಲ್ರಿ. ನಮ್ಮ ಮಕ್ಕಳನ್ನೂ ನೋಡ್ರಿ," ಎಂದು ಕರೆದರು. ಡಾಕ್ಟರಬಾಯಿಯೂ ನಾನೂ ಕೂಡಿ ಹೋದೆವು. ಮಕ್ಕಳ ಅಳತೆ ಮಧ್ಯಾಹ್ನದ ಹೊತ್ತಿಗೆ ಮುಗಿಯಿತು. ಪರದೆಯ ಹಗ್ಗ ಬಿಚ್ಚಲು ಹೋದರೆ ಶಾಲೆಯ ಗೇಟಿನಲ್ಲಿ ಹೆಂಗಸರು ನಿಂತಿದ್ದರು. ತೋಟದಿಂದ ನೇರವಾಗಿ ಬಂದಿದ್ದರು. ಒಬ್ಬರನ್ನೊಬ್ಬರು ಮುಂದೆ ತಳ್ಳುತ್ತ ನಗುತ್ತಿದ್ದರು. ಕಡೆಗೆ ಒಬ್ಬಳು ಧೈರ್ಯ ಮಾಡಿ ಮುಂದೆ ಬಂದಳು.

"ಪಡದಾ ತಗೀಬ್ಯಾಡ್ರಿ ಬಾಯಾರ. ನಮ್ಮದೂ ನೋಡ್ರಿ. ಹುಟ್ಟಿದಾಗಿಂದ ಯಾರೂ ನೋಡಿಲ್ಲ."

ಡಾಕ್ಟರಬಾಯಿ ನನ್ನ ಮುಖ ನೋಡಿದರು. ಬಸ್ಸಿಗೆ ಇನ್ನೂ ಹೊತ್ತಿತ್ತು. ನಾನು ವಹಿಯಲ್ಲಿ ಹೊಸ ಪುಟ ತೆಗೆದು, ಮೇಲೆ "ತಾಯಂದಿರು" ಎಂದು ಬರೆದು, ಮೊದಲಿನವಳನ್ನು ಒಳಗೆ ಕರೆದೆ.